ಸೋಯಾ ಪುಡಿಯ ಡಬ್ಬಿ ತೆರೆದ ಮೇಲೆ

ಕಳೆದ ರಮಝಾನ್‌ನ ಒಂದು ಬೆಳಿಗ್ಗೆ ನಾನು ಮಲ್ಲಿಪಟ್ಟಣದ ದವಾಖಾನೆಯ ಬೀಗ ತೆಗೆಯುವ ಮೊದಲೇ ಒಂದು ಕುಟುಂಬ ಜಗಲಿಯ ಮೇಲೆ ಕಾದು ಕುಳಿತಿತ್ತು. ತಂದೆ, ಇಬ್ಬರು ಗಂಡುಮಕ್ಕಳು, ಸೊಸೆ. ನಾಲ್ವರಿಗೂ ವಾಂತಿ, ಹೊಟ್ಟೆನುಲಿತ. ಮನೆಯ ಹಿರಿಯಾಕೆ ಮಾತ್ರ ಗಟ್ಟಿಮುಟ್ಟಾಗಿದ್ದರು. ಅವರ ಕೈಚೀಲದಲ್ಲಿ ಸೋಯಾ ಪ್ರೋಟೀನ್ ಪುಡಿಯ ಡಬ್ಬಿ ಇತ್ತು.

"ಡಾಕ್ಟರ್ ಸಾಬ್, ಇದರಲ್ಲೇ ಏನೋ ಕಲಬೆರಕೆ ಇದೆ. ಮನೆಯಲ್ಲಿ ಇದನ್ನು ಕುಡಿಯದವಳು ನಾನೊಬ್ಬಳೇ, ಏನೂ ಆಗದವಳೂ ನಾನೊಬ್ಬಳೇ" ಎಂದರು.

ಅವರ ಲೆಕ್ಕ ಸರಿಯಾಗಿತ್ತು. ಯಾರು ತಿಂದರು, ಯಾರು ತಿನ್ನಲಿಲ್ಲ ಎಂದು ನೋಡುವುದೇ ವೈದ್ಯರೂ ಮೊದಲು ಮಾಡುವ ಕೆಲಸ. ಡಬ್ಬಿ ತೆರೆದು ನೋಡಿದೆ. ಪುಡಿ ತಿಳಿ ಕೆನೆಬಣ್ಣದಲ್ಲಿತ್ತು, ಹುರಿದ ಕಾಳಿನ ಮಂದ ವಾಸನೆ ಇತ್ತು, ಗಂಟಿಲ್ಲ, ಹುಳುವಿಲ್ಲ, ಅವಧಿಯೂ ಮುಗಿದಿರಲಿಲ್ಲ. "ಕಲೆಸಿದ್ದು ಯಾವಾಗ ಅಮ್ಮಾ?" ಎಂದು ಕೇಳಿದೆ. "ಇವರೆಲ್ಲ ತರಾವೀಹ್ ಮುಗಿಸಿ ಬಂದ ಮೇಲೆ. ಸಹರಿ ಹೊತ್ತಿಗೆ ಅವಸರ ಆಗುತ್ತಲ್ಲ, ಅದಕ್ಕೇ ಹಾಲು, ಬಾಳೆಹಣ್ಣು, ಈ ಪುಡಿ ಎಲ್ಲ ಸೇರಿಸಿ ಮಿಕ್ಸಿಯಲ್ಲಿ ತಿರುಗಿಸಿ ಪಾತ್ರೆ ಮುಚ್ಚಿಟ್ಟಿದ್ದೆ."

ರಾತ್ರಿ ಹತ್ತೂವರೆಯಿಂದ ನಸುಕಿನ ನಾಲ್ಕೂವರೆ, ಅಂದರೆ ಆರು ಗಂಟೆ. ಆ ಪಾತ್ರೆ ಇದ್ದದ್ದು ಒಲೆಯ ಪಕ್ಕದಲ್ಲಿ, ಇನ್ನೂ ಬಿಸಿ ಆರದ ಕಟ್ಟೆಯ ಮೇಲೆ. ಡಬ್ಬಿ ಕೆಟ್ಟಿರಲಿಲ್ಲ, ಪಾತ್ರೆಯಲ್ಲಿದ್ದುದು ಕೆಟ್ಟಿತ್ತು.

ಓ.ಆರ್.ಎಸ್. ನೀರು ಮತ್ತು ವಿಶ್ರಾಂತಿಯಲ್ಲಿ ನಾಲ್ವರೂ ಎರಡು ದಿನಕ್ಕೆ ಸುಧಾರಿಸಿದರು. ಬಿಟ್ಟುಹೋದ ರೋಝಾಗಳನ್ನು ಆಮೇಲೆ ಕಝಾ ಮಾಡಿಕೊಂಡರು. ಆದರೆ ಅಂದಿನಿಂದ ದವಾಖಾನೆಗೆ ಬಂದವರನ್ನೆಲ್ಲ ನಾನು ಈ ಪುಡಿಯ ಬಗ್ಗೆ ವಿಚಾರಿಸತೊಡಗಿದೆ. ಬಾಣಂತಿಗೆಂದು, ಸಕ್ಕರೆ ಕಾಯಿಲೆಯ ಅಜ್ಜನಿಗೆಂದು, ಜಿಮ್‌ಗೆ ಹೋಗುವ ಹುಡುಗನಿಗೆಂದು ಎಷ್ಟೋ ಮನೆಗಳಲ್ಲಿ ಒಂದು ಡಬ್ಬಿ ಇದೆ. ಅದನ್ನು ಇಡುವ ರೀತಿ ಕೇಳಿದರೆ ಭಯವಾಗುತ್ತದೆ.

ಮೊದಲು ಇದು ಏನೆಂದು ತಿಳಿಯೋಣ. ಸೋಯಾ ಅವರೆಯಲ್ಲಿ ಹೆಚ್ಚುಕಡಿಮೆ ನೂರಕ್ಕೆ 40 ಭಾಗ ಪ್ರೋಟೀನ್, 20 ಭಾಗ ಎಣ್ಣೆ ಇರುತ್ತದೆ. ನಮ್ಮ ರಾಜ್ಯದಲ್ಲಿ ಬೀದರ್, ಬೆಳಗಾವಿ, ಧಾರವಾಡದ ಕಡೆ ಇದನ್ನು ಬೆಳೆಯುತ್ತಾರೆ. ಅರಕಲಗೂಡಿನ ನಮಗೆ ಇದು ಅಂಗಡಿಯ ವಸ್ತು. ಎಣ್ಣೆ ತೆಗೆದು ಉಳಿದ ಹಿಂಡಿಯಿಂದಲೇ ಸೋಯಾ ಹಿಟ್ಟು, ಬಿರಿಯಾನಿಗೂ ಪಲಾವಿಗೂ ಹಾಕುವ ಮೀಲ್ ಮೇಕರ್, ಪ್ರೋಟೀನ್ ಪುಡಿ ಎಲ್ಲವೂ ಆಗುತ್ತವೆ. ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡದ ಪ್ರಕಾರ ಪ್ರೋಟೀನ್ ಅಂಶ 50ರಿಂದ 65ರೊಳಗಿದ್ದರೆ ಅದು ಹಿಟ್ಟು, 65ರಿಂದ 90ರೊಳಗಿದ್ದರೆ ಕಾನ್ಸಂಟ್ರೇಟ್, 90 ದಾಟಿದರೆ ಐಸೊಲೇಟ್. ಮೂರರಲ್ಲಿ ಯಾವುದೇ ಆಗಲಿ, ತೇವಾಂಶ ನೂರಕ್ಕೆ 10 ಮೀರಬಾರದು. ನಮಗೆ ಮುಖ್ಯವಾದದ್ದು ಈ ಕೊನೆಯ ಮಾತು.

ಪುಡಿ ಕೆಡದೆ ಉಳಿಯುವುದು ಅದರಲ್ಲಿ ನೀರಿಲ್ಲದ ಕಾರಣಕ್ಕೆ. ಹಾಗೆಂದು ಅದರಲ್ಲಿ ಕ್ರಿಮಿಗಳೇ ಇಲ್ಲ ಎಂದಲ್ಲ. ಒಣಗಿಸಿದರೆ ಕ್ರಿಮಿ ಸಾಯುವುದಿಲ್ಲ, ಮಲಗುತ್ತದೆ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಒಣ ಆಹಾರದಲ್ಲಿ ತಿಂಗಳುಗಟ್ಟಲೆ ಬದುಕಿರಬಲ್ಲದು. ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬೀಜಕಣದ ರೂಪದಲ್ಲಿ ಕೂತಿರುತ್ತದೆ, ಕುದಿಸಿದರೂ ಜಗ್ಗುವುದಿಲ್ಲ. ಹಾಲೋ ನೀರೋ ಬಿದ್ದು ಬೆಚ್ಚಗಾದರೆ ಇವೆಲ್ಲ ಎದ್ದು ಬೆಳೆಯುತ್ತವೆ. ಪ್ರೋಟೀನ್ ನಮಗೆ ಪುಷ್ಟಿಯಾದರೆ ಅವಕ್ಕೂ ಪುಷ್ಟಿಯೇ. ಬ್ಯಾಸಿಲಸ್ ಸೀರಿಯಸ್ ಆಹಾರದಲ್ಲಿ ಬಿಡುವ ವಾಂತಿಯ ವಿಷವಂತೂ ಮತ್ತೆ ಕಾಯಿಸಿದರೂ ಹೋಗದು. "ಬೆಳಿಗ್ಗೆ ಚೆನ್ನಾಗಿ ಕುದಿಸಿಕೊಟ್ಟೆನಲ್ಲ" ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಹಾಗಾಗಿ ಕುಡಿಯುವ ಹೊತ್ತಿಗೇ ಕಲೆಸಿ. ಸಹರಿಯ ಅವಸರ ನನಗೂ ಗೊತ್ತು, ನಮ್ಮ ಮನೆಯಲ್ಲೂ ಅದೇ ಪಾಡು. ರಾತ್ರಿಯೇ ಒಬ್ಬೊಬ್ಬರ ಅಳತೆಯ ಪುಡಿಯನ್ನು ಒಣ ಲೋಟಗಳಿಗೆ ಹಾಕಿ ಮುಚ್ಚಿಡಿ, ಹಾಲನ್ನು ಫ್ರಿಜ್‌ನಲ್ಲಿಡಿ, ಬೆಳಿಗ್ಗೆ ಎರಡನ್ನೂ ಸೇರಿಸುವುದು ಒಂದು ನಿಮಿಷದ ಕೆಲಸ. ಕಲೆಸಿಯೇ ಇಡಬೇಕೆಂದರೆ ಆ ಕ್ಷಣವೇ ಫ್ರಿಜ್‌ಗೆ ಹೋಗಬೇಕು. ಹೊರಗೆ ಎರಡು ಗಂಟೆ ದಾಟಿದ್ದನ್ನು ಚೆಲ್ಲಿಬಿಡಿ. ಮೊದಲು ಬೆಚ್ಚಗಿನ ಹಾಲು ಅಥವಾ ಕುದಿಸಿ ಆರಿಸಿದ ನೀರು, ಆಮೇಲೆ ಪುಡಿಯನ್ನು ಉದುರಿಸುತ್ತಾ ಕಲಕಿದರೆ ಗಂಟು ಕಟ್ಟುವುದಿಲ್ಲ. ಶೇಕರ್ ಬಾಟಲಿಗೆ ಕುದಿಯುವ ಹಾಲು ಹಾಕಿ ಮುಚ್ಚಳ ಬಿಗಿದು ಅಲ್ಲಾಡಿಸಬಾರದು, ಒಳಗಿನ ಆವಿಗೆ ಮುಚ್ಚಳ ಹಾರಿ ಮುಖ ಸುಡುತ್ತದೆ. ಮಿಕ್ಸಿ ಜಾರಿನ ಬ್ಲೇಡಿನ ಅಡಿ, ಬಾಟಲಿಯ ಮುಚ್ಚಳದ ರಬ್ಬರ್ ಸುತ್ತಿನ ಸಂದು ತೊಳೆಯಲು ಮರೆಯುವ ಜಾಗಗಳು. ನಿನ್ನೆಯ ಪುಡಿ ಅಲ್ಲಿ ಅಂಟಿಕೊಂಡಿರುತ್ತದೆ.

ಇನ್ನು ಡಬ್ಬಿಯ ವಿಷಯ. ನಮ್ಮ ಊರಿನ ಹವೆಯನ್ನು ನಾವು ಮರೆಯುವಂತಿಲ್ಲ. ಚನ್ನರಾಯಪಟ್ಟಣದ ಕಡೆ ಬಯಲುಸೀಮೆಯ ಒಣ ಗಾಳಿ. ಕೊಡಗಿನ ಸೆರಗಿನಲ್ಲಿರುವ ನಮಗೆ ಜೂನ್‌ನಿಂದ ಆಗಸ್ಟ್‌ವರೆಗೆ ಸೋನೆ ಮಳೆ ಬಿಡುವುದಿಲ್ಲ. ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಬೆಂಕಿಕಡ್ಡಿ ಹೊತ್ತುವುದಿಲ್ಲ. ಉಪ್ಪಿಗೆ ಆದದ್ದು ಪ್ರೋಟೀನ್ ಪುಡಿಗೂ ಆಗುತ್ತದೆ. ಅದು ಗಾಳಿಯಲ್ಲಿನ ತೇವವನ್ನು ಎಳೆದುಕೊಳ್ಳುವ ಪದಾರ್ಥ. ಒಲೆಯ ಮೇಲಿನ ಗೂಡು ಬೆಚ್ಚಗಿರುತ್ತದೆ ಎಂದು ಡಬ್ಬಿಯನ್ನು ಅಲ್ಲಿಡುತ್ತಾರೆ. ಅನ್ನ ಬೇಯುವ ಆವಿಯೆಲ್ಲ ಏರುವುದು ಅಲ್ಲಿಗೇ. ಕೆಲವರು ಜಾಣತನವೆಂದು ಫ್ರಿಜ್‌ನಲ್ಲಿಡುತ್ತಾರೆ. ತಣ್ಣಗಿನ ಡಬ್ಬಿಯನ್ನು ಮಳೆಗಾಲದ ಹವೆಯಲ್ಲಿ ತೆರೆದರೆ ಒಳಗೆ ಬೆವರೊಡೆಯುತ್ತದೆ, ದಿನಾ ಎರಡು ಸಲ ತೆರೆದರೆ ಎರಡು ಸಲವೂ. ಬಿಸಿಲು ಬೀಳದ, ಒಲೆಯಿಂದಲೂ ಬಚ್ಚಲಿನಿಂದಲೂ ದೂರವಿರುವ ಮಾಮೂಲಿ ಕಪಾಟೇ ಇದಕ್ಕೆ ಸರಿಯಾದ ಜಾಗ.

ನಮ್ಮ ಯುನಾನಿ ವೈದ್ಯದಲ್ಲಿ ಪುಡಿ ಔಷಧಿಗೆ ಸಫೂಫ್ ಎನ್ನುತ್ತೇವೆ. ಜೇನು ಅಥವಾ ಸಕ್ಕರೆ ಪಾಕದಲ್ಲಿ ಕಟ್ಟಿದ ಮಾಜೂನ್ ಬಹುಕಾಲ ಬರುತ್ತದೆ. ಅವೇ ಮೂಲಿಕೆಗಳನ್ನು ಕುಟ್ಟಿ ಸಫೂಫ್ ಮಾಡಿದರೆ ಅಷ್ಟು ಬಾಳುವುದಿಲ್ಲ, ಏಕೆಂದರೆ ಇಡೀ ಬೇರಿಗಿಂತ ಪುಡಿಗೆ ಗಾಳಿ ತಾಗುವ ಮೈ ಎಷ್ಟೋ ಪಾಲು ಹೆಚ್ಚು. ಬಿ.ಯು.ಎಂ.ಎಸ್. ಓದುವಾಗ ಔಷಧ ತಯಾರಿಕೆಯ ತರಗತಿಯಲ್ಲಿ ನಮ್ಮ ಉಸ್ತಾದರು ಹಳೆಯ ಸಫೂಫನ್ನು ಅಂಗೈಗೆ ಹಾಕಿ ಮುಷ್ಟಿ ಹಿಡಿಯಲು ಹೇಳುತ್ತಿದ್ದರು. ಬಿಟ್ಟಾಗ ಉದುರಿದರೆ ಸರಿ, ಮುಷ್ಟಿಯ ಅಚ್ಚು ಹಾಗೇ ನಿಂತರೆ ತೇವ ಹತ್ತಿದೆ. ಸೋಯಾ ಪುಡಿಗೂ ಈ ಪರೀಕ್ಷೆ ಮಾಡಬಹುದು, ಕೈ ಮಾತ್ರ ತೊಳೆದು ಪೂರ್ತಿ ಒಣಗಿರಬೇಕು. ಬೆರಳಿನಿಂದ ಒತ್ತಿದರೆ ಪುಡಿಯಾಗುವ ಸಣ್ಣ ಗಂಟು ಸಾಗಾಟದ ಒತ್ತಡಕ್ಕೆ ಆಗಿರುತ್ತದೆ. ಒದ್ದೆಯಾಗಿ ಅಂಟುವ ಗಂಟು, ಬಣ್ಣ ತಿರುಗಿದ ಚುಕ್ಕೆ, ಮುಗ್ಗು ವಾಸನೆ, ಹಳೇ ಕೊಬ್ಬರಿಯ ಕಮಟು ಇವುಗಳಲ್ಲಿ ಒಂದು ಕಂಡರೂ ಡಬ್ಬಿ ಪೂರ್ತಿ ತಿಪ್ಪೆಗೆ. ಎಣ್ಣೆ ತೆಗೆಯದ ಸೋಯಾ ಹಿಟ್ಟಿಗೆ ಕಮಟು ಬೇಗ ಬರುತ್ತದೆ, ಅದನ್ನು ಅರ್ಧ ಕಿಲೋಗಿಂತ ಹೆಚ್ಚು ತರಲೇಬೇಡಿ.

ಗಂಟಿನ ಭಾಗ ತೆಗೆದು ಉಳಿದದ್ದು ಬಳಸುತ್ತೇವೆ ಎನ್ನುವವರಿದ್ದಾರೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು. ಮೊದಲು ಕಾರಣ ತಿಳಿಯದೆ ಅದಕ್ಕೆ ಟರ್ಕಿ ಎಕ್ಸ್ ಕಾಯಿಲೆ ಎಂದೇ ಹೆಸರಿಟ್ಟರು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಮೇವಿಗೆ ಹಾಕಿದ್ದ ಬ್ರೆಜಿಲ್‌ನ ಕಡಲೆಕಾಯಿ ಹಿಂಡಿ. ಅದರಲ್ಲಿ ಆಸ್ಪರ್ಜಿಲ್ಲಸ್ ಫ್ಲೇವಸ್ ಎಂಬ ಬೂಷ್ಟು ಬೆಳೆದು ವಿಷ ಬಿಟ್ಟಿತ್ತು. ಆ ಬೂಷ್ಟಿನ ಹೆಸರಿನಿಂದಲೇ ವಿಷಕ್ಕೆ ಅಫ್ಲಾಟಾಕ್ಸಿನ್ ಎಂಬ ಹೆಸರು ಬಂತು. ಕಡಲೆಕಾಯಿ, ಮುಸುಕಿನ ಜೋಳದಲ್ಲಿ ಇದು ಹೆಚ್ಚು, ಸೋಯಾದಲ್ಲಿ ಕಡಿಮೆ. ಆದರೆ ತೇವ ಹತ್ತಿದರೆ ಸೋಯಾವೂ ಹೊರತಲ್ಲ. ಯಕೃತ್ತಿಗೆ ಕುತ್ತು ತರುವ ಈ ವಿಷ ಮನೆಯ ಅಡುಗೆಯ ಬಿಸಿಗೆ ಅಳಿಯುವುದಿಲ್ಲ. ಕಣ್ಣಿಗೆ ಕಾಣುವುದು ಬೂಷ್ಟು ಮಾತ್ರ, ವಿಷ ಸುತ್ತಲಿನ ಪುಡಿಯಲ್ಲೂ ಇರಬಹುದು.

ಸಂತೆಯಲ್ಲಿ ಚೀಲದಿಂದ ಅಳೆದು ಕೊಡುವ ಸೋಯಾ ಹಿಟ್ಟನ್ನು ಕೊಳ್ಳುವಾಗ ಮೇಲ್ಪದರ ನೋಡಿ ನಂಬಬೇಡಿ. ಪ್ರವಾದಿ(ಸ)ರು ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಒಳಗೆ ಒದ್ದೆ ಸಿಕ್ಕಿದ್ದು, ಜನ ನೋಡುವಂತೆ ಅದನ್ನು ಮೇಲಿಡಬಾರದಿತ್ತೇ ಎಂದು ವ್ಯಾಪಾರಿಯನ್ನು ಕೇಳಿದ್ದು ನಿಮಗೆ ತಿಳಿದ ಹದೀಸ್. ಅಂಗಡಿ ಇಟ್ಟಿರುವ ನಮ್ಮ ಸಹೋದರರು ಅದನ್ನು ಚೀಲದ ತಳದ ಸೋಯಾಗೂ ಅನ್ವಯಿಸಿಕೊಳ್ಳಲಿ. ಮನೆಗೆ ತರುವವರಿಗೆ ಮುದ್ರೆ ಹಾಕಿದ ಸಣ್ಣ ಪೊಟ್ಟಣವೇ ಕ್ಷೇಮ. ಅದರ ಮೇಲೆ ಎಫ್.ಎಸ್.ಎಸ್.ಎ.ಐ.ನ 14 ಅಂಕಿಯ ಪರವಾನಗಿ ಸಂಖ್ಯೆ, ತಯಾರಿಸಿದ ದಿನ, ಬಳಕೆಯ ಅವಧಿ ಇರಬೇಕು. ಆ ಅವಧಿ ತೆರೆಯದ ಪೊಟ್ಟಣಕ್ಕೆ ಹೇಳಿದ್ದು. ತೆರೆದ ಮೇಲೆ ಎಷ್ಟು ದಿನ ಎಂಬುದನ್ನು ಬೇರೆಯೇ ಬರೆದಿರುತ್ತಾರೆ, ಅದನ್ನು ಓದಿ, ತೆರೆದ ದಿನಾಂಕವನ್ನು ಪೆನ್ನಿನಿಂದ ಡಬ್ಬಿಯ ಮೇಲೆ ಗೀಚಿಡಿ. ಸೋಯಾ ಸಸ್ಯಜನ್ಯ, ಹಲಾಲ್ ಬಗ್ಗೆ ಅನುಮಾನವಿಲ್ಲ. ರುಚಿ, ವಿಟಮಿನ್ ಸೇರಿಸಿದ ಪುಡಿಗಳಲ್ಲಿ ಮಾತ್ರ ಘಟಕಗಳ ಪಟ್ಟಿಯಲ್ಲಿ ಜೆಲಾಟಿನ್ ಇದೆಯೇ ನೋಡಿ.

ಪೊಟ್ಟಣದ ಪುಡಿಯನ್ನು ಡಬ್ಬಿಗೆ ಸುರಿಯುವ ಬದಲು ಪೊಟ್ಟಣವನ್ನೇ ಬಿಗಿಯಾಗಿ ಮಡಚಿ ಸ್ಟೀಲ್ ಡಬ್ಬಿಯೊಳಗಿಟ್ಟರೆ ವಿವರವೂ ಉಳಿಯುತ್ತದೆ. ಹಳೆಯ ಪುಡಿ ತಳದಲ್ಲಿರುವಾಗ ಹೊಸದನ್ನು ಮೇಲೆ ಸುರಿಯಬಾರದು. ಚಮಚ ಒಣಗಿದ್ದಿರಲಿ. ಕುದಿಯುವ ಗಂಜಿಯ ಮೇಲೆ ಡಬ್ಬಿ ಹಿಡಿದು ಪುಡಿ ಹಾಕಿ, ಆವಿ ತಾಗಿದ ಅದೇ ಚಮಚವನ್ನು ಒಳಗೆ ಬಿಡುವುದು ನಾನು ಅತಿ ಹೆಚ್ಚು ಕಂಡ ತಪ್ಪು. ಅಂಗನವಾಡಿಯಿಂದ ಮನೆಗೆ ಕೊಡುವ ಆಹಾರದ ಪುಡಿಗೂ ಹಾಲಿನ ಪುಡಿಗೂ ಇದೇ ಕ್ರಮ.

ಈಗ ಹೇಳುವುದು ಕೃಷಿಕ ಮನೆಗಳಿಗೆ. ನಮ್ಮ ತಾಲ್ಲೂಕಿನಲ್ಲಿ ಹೊಗೆಸೊಪ್ಪು, ಆಲೂಗಡ್ಡೆ, ಶುಂಠಿ ಬೆಳೆಯುವ ಮನೆಗಳಲ್ಲಿ ಔಷಧಿಯ ಪೊಟ್ಟಣ ಇಲ್ಲದ ಮನೆ ಕಡಿಮೆ. ಆಲೂಗಡ್ಡೆಯ ಅಂಗಮಾರಿಗೆ ಹೊಡೆಯುವ ಮ್ಯಾಂಕೊಜೆಬ್ ಹಳದಿ ಛಾಯೆಯ ನುಣುಪು ಪುಡಿ. ಹೆಸರಿಲ್ಲದ ಡಬ್ಬಿಯಲ್ಲಿಟ್ಟರೆ ಮುಸ್ಸಂಜೆಯ ಬೆಳಕಿನಲ್ಲಿ ಅದಕ್ಕೂ ಸೋಯಾ ಹಿಟ್ಟಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. 2013ರ ಜುಲೈ 16ರಂದು ಬಿಹಾರದ ಸಾರಣ್ ಜಿಲ್ಲೆಯ ಗಂಡಾಮನ್ ಶಾಲೆಯಲ್ಲಿ ಮಕ್ಕಳಿಗೆ ಬಡಿಸಿದ್ದು ಅನ್ನ, ಸೋಯಾ, ಆಲೂಗಡ್ಡೆ ಪಲ್ಯ. 23 ಮಕ್ಕಳು ಸತ್ತರು. ಸೋಯಾದಲ್ಲಿ ದೋಷವಿರಲಿಲ್ಲ, ಆಲೂಗಡ್ಡೆಯಲ್ಲೂ ಇರಲಿಲ್ಲ. ಅಡುಗೆಯ ಎಣ್ಣೆಯನ್ನು ಮೊನೊಕ್ರೊಟೊಫಾಸ್ ಕೀಟನಾಶಕ ಇದ್ದ ಡಬ್ಬದಲ್ಲಿ ಇಟ್ಟಿದ್ದರು. ತಿನ್ನುತ್ತಿದ್ದ ಮಕ್ಕಳು ರುಚಿ ಸರಿಯಿಲ್ಲ ಎಂದಿದ್ದರು ಎಂದೂ ಆಗ ವರದಿಯಾಗಿತ್ತು.

ಔಷಧಿಯ ಡಬ್ಬವನ್ನು ಎಷ್ಟು ತೊಳೆದರೂ ಅದು ಆಹಾರದ ಡಬ್ಬವಾಗುವುದಿಲ್ಲ. ಅದನ್ನು ಜಜ್ಜಿ, ತೂತು ಮಾಡಿ, ಮತ್ತೆ ಯಾರೂ ಬಳಸದಂತೆ ಮಾಡಿ. ಇದರ ತಿರುವುಮುರುವೂ ಅಷ್ಟೇ ಅಪಾಯ. ಖಾಲಿಯಾದ ಪ್ರೋಟೀನ್ ಡಬ್ಬಿ ಗಟ್ಟಿಯಾಗಿದೆ, ಅಗಲ ಬಾಯಿ ಇದೆ ಎಂದು ಅದರಲ್ಲಿ ಬೆಳೆಯ ಔಷಧಿ ತುಂಬಿಡುವವರನ್ನು ನೋಡಿದ್ದೇನೆ. ಹೊರಗೆ ಚಾಕೊಲೇಟ್ ಚಿತ್ರ, ಒಳಗೆ ವಿಷ. ಮಕ್ಕಳಿರುವ ಮನೆಯಲ್ಲಿ ಹೀಗೆ ಮಾಡಿದವರನ್ನು ನಾನು ಗದರಿದ್ದೇನೆ, ಇನ್ನೂ ಗದರುತ್ತೇನೆ. ಹುಳು ಬಾರದಿರಲೆಂದು ಕಾಳಿನ ಚೀಲದಲ್ಲಿ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಮನೆಯೊಳಗೆ ಬರಲೇಬಾರದು. ತೇವ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ, ಅದಕ್ಕೆ ಪ್ರತಿವಿಷವಿಲ್ಲ. ನುಸಿಗುಳಿಗೆಯನ್ನೂ ಸೀಮೆಎಣ್ಣೆಯನ್ನೂ ಪುಡಿಯಿಂದ ದೂರವಿಡಿ, ಅದು ವಾಸನೆಯನ್ನು ಬೇಗ ಹೀರುತ್ತದೆ.

ಮದ್ರಸಾ ಹಾಸ್ಟೆಲ್‌ನ ಅಡುಗೆಮನೆ, ಮದುವೆಯ ಅಡುಗೆ ಗುತ್ತಿಗೆದಾರರು, ಹಿಟ್ಟಿನ ಗಿರಣಿಯವರು ಚೀಲಗಟ್ಟಲೆ ಇಡುವವರು. ಚೀಲ ನೆಲಕ್ಕೂ ಗೋಡೆಗೂ ತಾಗದಿರಲಿ, ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇಡಿ, ಹಿಂದೆ ಕೈಯಾಡಿಸಿ ಗುಡಿಸಲು ಬರಬೇಕು. ಮೊದಲು ಬಂದದ್ದು ಮೊದಲು ಖರ್ಚಾಗಲಿ. ಇಲಿ ಕಡಿದ ಚೀಲದಿಂದ ಮೇಲಿನ ಸೇರು ತೆಗೆದು ಉಳಿದದ್ದು ಬಳಸುವ ಲೆಕ್ಕಾಚಾರ ಬೇಡ, ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದ.

ಇನ್ನೊಂದು ಸಂಗತಿಯನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ಅದು ಧೂಳು. ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ 1981ರಿಂದ 1987ರವರೆಗೆ 26 ಸಲ ಇಡೀ ಊರಿನಲ್ಲಿ ಒಮ್ಮೆಲೇ ಉಬ್ಬಸ ಕೆರಳಿ ಜನ ಆಸ್ಪತ್ರೆಗೆ ಓಡಿದರು, ಸಾವುಗಳೂ ಆದವು. ಬಂದರಿನಲ್ಲಿ ಹಡಗಿನಿಂದ ಸೋಯಾ ಅವರೆ ಇಳಿಸಿದ ದಿನಗಳಿಗೂ ಉಬ್ಬಸದ ದಿನಗಳಿಗೂ ತಾಳೆಯಾಯಿತು. ಕಾಳು ತುಂಬುವ ಕಣಜಕ್ಕೆ ಧೂಳು ಹಿಡಿಯುವ ಶೋಧಕ ಇರಲಿಲ್ಲ. ಅದನ್ನು ಅಳವಡಿಸಿದ ಮೇಲೆ ಕಾಟ ನಿಂತಿತು. ನಮ್ಮ ಮನೆಯ ಡಬ್ಬಿ ಅಷ್ಟು ದೊಡ್ಡದಲ್ಲ ನಿಜ. ಆದರೆ ಇಪ್ಪತ್ತೈದು ಕಿಲೋ ಚೀಲವನ್ನು ಮೇಲಿನಿಂದ ಧೊಪ್ಪನೆ ಸುರಿಯುವ ಅಡುಗೆಯವನ ಮೂಗಿಗೆ ಹೋಗುವುದೂ ಅದೇ. ಚೀಲದ ಬಾಯಿಯನ್ನು ಪಾತ್ರೆಯ ಅಂಚಿಗೆ ತಾಗಿಸಿ ನಿಧಾನವಾಗಿ ಇಳಿಸಿ, ಮೂಗಿಗೆ ಮಾಸ್ಕ್ ಇರಲಿ, ಉಬ್ಬಸದವರು ಆ ಕೋಣೆಯಲ್ಲಿ ಬೇಡ. ಗಾಳಿಯಲ್ಲಿ ತೇಲುವ ನುಣುಪು ಪುಡಿಗೆ ಬೆಂಕಿಯೂ ಹತ್ತುತ್ತದೆ, ಉರಿಯುವ ಒಲೆಯ ಪಕ್ಕದಲ್ಲಿ ಚೀಲ ಕೊಡವಬೇಡಿ. ಚೆಲ್ಲಿದ ಪುಡಿಯನ್ನು ಒಣ ಪೊರಕೆಯಿಂದ ಎಬ್ಬಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಒರೆಸದೆ ಬಿಟ್ಟರೆ ಮೇಲೆ ನೀರು ಬಿದ್ದಾಗ ನೆಲ ಜಾರುತ್ತದೆ.

ಹಸಿ ಸೋಯಾ ಅವರೆಯನ್ನು ರಾಗಿಯ ಜೊತೆ ಗಿರಣಿಗೆ ಕೊಟ್ಟು ಮಕ್ಕಳ ಹುರಿಹಿಟ್ಟು ಮಾಡಿಸುವವರಿಗೆ ಒಂದು ಮಾತು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗದಂತೆ ತಡೆಯುವ ಅಂಶವಿದೆ, ಸರಿಯಾದ ಬಿಸಿಗೆ ಅದು ಅಡಗುತ್ತದೆ. ನೆನೆಸಿ, ಬೇಯಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಮತ್ತೆ ಹುರಿದು ಬೀಸಿಸಿ. ಬಿಸಿ ಆರುವ ಮೊದಲು ಡಬ್ಬಿ ಮುಚ್ಚಬೇಡಿ. ಆರು ತಿಂಗಳೊಳಗಿನ ಕೂಸಿಗೆ ತಾಯಿಯ ಹಾಲು ಬಿಟ್ಟು ಏನೂ ಬೇಡ. ದೊಡ್ಡವರ ಪ್ರೋಟೀನ್ ಪುಡಿ ಶಿಶು ಆಹಾರವಲ್ಲ, ಅದನ್ನು ತೆಳ್ಳಗೆ ಕಲೆಸಿ ಬಾಟಲಿಗೆ ಹಾಕಬಾರದು. ವೈದ್ಯರು ಹೇಳಿ ಕೊಡುವ ಶಿಶು ಹಾಲಿನ ಪುಡಿಯೂ ಕ್ರಿಮಿರಹಿತವಲ್ಲ. ಅದನ್ನು 70 ಡಿಗ್ರಿಗಿಂತ ತಣ್ಣಗಾಗದ ನೀರಿನಲ್ಲಿ ಕಲೆಸಿ, ಆರಿಸಿ ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಿಂದ ಹೇಳುತ್ತಿದೆ. ಸೋಯಾ ಅಲರ್ಜಿ ಇರುವವರು ಪೊಟ್ಟಣದ ಮೇಲೆ ಅಲರ್ಜಿಕಾರಕಗಳ ಸಾಲು ಓದಿ, ಬಿಸ್ಕತ್ತಿನಲ್ಲೂ ಸೋಯಾ ಇರುತ್ತದೆ. ಥೈರಾಯ್ಡ್ ಮಾತ್ರೆ ನುಂಗುವವರು ಮಾತ್ರೆಗೂ ಸೋಯಾಗೂ ನಾಲ್ಕು ಗಂಟೆ ಅಂತರ ಕೊಡಿ. ಮೂತ್ರಪಿಂಡದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಡಬ್ಬಿಯನ್ನೇ ತರಬೇಡಿ.

ಕುಡಿದ ಮೇಲೆ ವಾಂತಿಭೇದಿ ಶುರುವಾದರೆ ಒಂದು ಓ.ಆರ್.ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಗುಟುಕು ಗುಟುಕಾಗಿ ಕೊಡಿ, 24 ಗಂಟೆ ಕಳೆದ ದ್ರಾವಣ ಚೆಲ್ಲಿ. ಭೇದಿಯಲ್ಲಿ ರಕ್ತ, ಜೋರು ಜ್ವರ, ಮೂತ್ರ ನಿಲ್ಲುವುದು, ಮಗು ಮಂಕಾಗುವುದು ಕಂಡರೆ ನನ್ನಂಥವರ ದವಾಖಾನೆಗೂ ಬರಬೇಡಿ, ನೇರ ಅರಕಲಗೂಡಿನ ಆಸ್ಪತ್ರೆಗೋ ಹಾಸನಕ್ಕೋ ಹೋಗಿ. ತುಟಿ, ಮುಖ ಊದಿ ಉಸಿರು ಕಟ್ಟಿದರೆ ಅದು ಅಲರ್ಜಿ, 108ಕ್ಕೆ ಆ ಕ್ಷಣವೇ ಕರೆ ಮಾಡಿ. ಬೆಳೆಯ ಔಷಧಿಯ ಅನುಮಾನವಿದ್ದರೂ ಹಾಗೆಯೇ, ಆ ಡಬ್ಬಿಯನ್ನು ಜೊತೆಗೇ ಒಯ್ಯಿರಿ.

ಆ ಹಿರಿಯಾಕೆ ಹೊರಡುವಾಗ ಡಬ್ಬಿಯನ್ನು ಎತ್ತಿ ತೋರಿಸಿ, "ಹಾಗಾದರೆ ಇದನ್ನು ಎಸೆಯುವುದು ಬೇಡವೇ?" ಎಂದು ಕೇಳಿದರು. ಬೇಡ ಎಂದೆ. ಮುಚ್ಚಳದ ಮೇಲೆ ತೆರೆದ ದಿನಾಂಕ ಬರೆದುಕೊಟ್ಟೆ. ಒಳಗಿದ್ದ ಅಳತೆಯ ಚಮಚಕ್ಕೆ ಹಿಂದಿನ ರಾತ್ರಿಯ ಹಾಲು ಒಣಗಿ ಅಂಟಿತ್ತು. ಅದನ್ನು ತೆಗೆದು ಕೈಗಿತ್ತು, ಇದನ್ನು ತೊಳೆದು ಒಣಗಿಸಿ, ಇನ್ನು ಮೇಲೆ ಡಬ್ಬಿಯ ಹೊರಗೇ ಇಡಿ ಎಂದೆ.